ಗಿಡವಾಗಿ ಬಗ್ಗದ್ದು

ಲಿಯೊಮಿನ್‌ಸ್ಟರ್ ಎಂದು ಬರೆದು
ಲೆಮ್‌ಸ್ಟರ್ ಎಂದು ಓದುವ ಊರು ಇದು.
ಮೂವತ್ತೊಂದು ವರ್ಷದಿಂದ ಇಲ್ಲಿ
ಮುಖ ಕಾಣದವರಿಗೆ ಹಲ್ಲು ಮಾಡಿಕೊಟ್ಟಿದ್ದೇನೆ:
ಮೇಲಿನ ಸೆಟ್ಟು, ಕೆಳಗಿನ ಸೆಟ್ಟು,
ಪಾದ್ರಿಗೊಂದು, ಕುರಿ ಕಡಿಯುವವನಿಗೊಂದು.
ನನಗೆಂದು ಒಂದು ಸೌಟನ್ನೂ ಕೆತ್ತಿಕೊಂಡವಳಲ್ಲ.

ಆ ಚಳಿಗಾಲ ಆಶ್ ಮರಗಳಿಗೆಲ್ಲ ರೋಗ.
ರಸ್ತೆಬದಿಯವನ್ನು ಕೌನ್ಸಿಲಿನವರು ಉರುಳಿಸಿದ್ದರು.
ಸೌದೆಗೆಂದು ಹೋದವಳು
ಬೇಲಿ ಹೆಣೆಯುವ ಗ್ವಿಲಿಮ್ ಪ್ರಾಸರನ ಕೊಟ್ಟಿಗೆಯಲ್ಲಿ
ಮೊಳೆಗೆ ತೂಗಿದ್ದ ಬಿಲ್ಲು ನೋಡಿ ನಿಂತುಬಿಟ್ಟೆ.
ಅವನು ದಿಮ್ಮಿಗೆ ಬೆಣೆ ಬಡಿದ, ಉದ್ದಕ್ಕೆ ಸೀಳಿದ.
"ಇದರೊಳಗೆ ಬಿಲ್ಲಿದೆ ಅನ್ನುವವರನ್ನು ನಂಬಬೇಡ.
ಇದರೊಳಗಿರುವುದು ಸೌದೆ.
ಮಿಕ್ಕದ್ದು ನಿನ್ನ ಪಾಡು."

ನನಗೆ ಐವತ್ತೆಂಟು.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ
ಎಂದು ಹೊಲಿಗೆ ಕ್ಲಾಸಿನ ಪದ್ದಮ್ಮ ಟೀಚರ್
ಕಾಜ ಸೊಟ್ಟಗಾದಾಗಲೆಲ್ಲ
ಸ್ಕೇಲಿನ ಅಂಚಿನಿಂದ ಬೆರಳಿಗೆ ಕೊಡುತ್ತಿದ್ದರು.

ಬಿಲ್ಲಿಗೂ ಬೆನ್ನಿದೆ, ಹೊಟ್ಟೆಯಿದೆ.
ಗುರಿಗೆ ಕಾಣುವುದು ಬೆನ್ನು,
ಹಿಡಿದವರಿಗೆ ಕಾಣುವುದು ಹೊಟ್ಟೆ.
ತೊಗಟೆ ಸುಲಿ, ಅದರಡಿಯ ಉಂಗುರ ಮುಟ್ಟಬೇಡ,
ಅದೇ ಬೆನ್ನು, ಅಂದ.
ಅಂದರೆ ಮರ ಬದುಕಿದ ಕೊನೆಯ ವರ್ಷ;
ಕಾಯಿಲೆಯ ವರ್ಷ, ಉಗುರಿನಷ್ಟು ತೆಳು.
ಅದರ ಮೇಲೆಯೇ ಎಲ್ಲ ಭಾರ.

ತೆಗೆಯುವುದೆಲ್ಲ ಹೊಟ್ಟೆಯ ಕಡೆಯಿಂದ.
ಎರಡು ಹಿಡಿಯ ಕತ್ತಿ ಎಳೆದರೆ ಸುರುಳಿ ಸುರುಳಿ ಚಕ್ಕೆ,
ಬೂಟಿನೊಳಗೆ, ಬಿಸ್ಕತ್ತಿನ ಡಬ್ಬಿಯೊಳಗೆ, ರವಿಕೆಯೊಳಗೆ.
ಗಂಟು ಬಂದಲ್ಲಿ ಕೈ ತಡೆದು ಬಳಸಿ ಹೋಗಬೇಕು,
ಮದುವೆಮನೆಯಲ್ಲಿ ಮುನಿದು ಕೂತ ಬೀಗರನ್ನು
ಬಳಸಿ ಹೋಗುವ ಹಾಗೆ.

ಆಮೇಲೆ ಗೋಡೆಯ ಗೂಟಕ್ಕೆ ಕೂರಿಸಿ,
ಸಡಿಲ ಹೆದೆ ಕಟ್ಟಿ, ರಾಟೆಯ ಹಗ್ಗ ಹಿಡಿದು
ಹತ್ತು ಹೆಜ್ಜೆ ದೂರದಿಂದ ಎಳೆದು ನೋಡುವುದು.
ಎಡತೋಳು ಬಾಗಿತು.
ಬಲತೋಳು ಸೆಟೆದುಕೊಂಡೇ ಇತ್ತು.
ಅರೆ, ಇದು ನನಗೆ ಗೊತ್ತಿರುವ ಕೆಲಸ!
ಪ್ಲಾಸ್ಟರಿನ ದವಡೆಗೆ ನೀಲಿ ಕಾಗದ ಕಚ್ಚಿಸಿ
ಬಣ್ಣ ಹತ್ತಿದಲ್ಲಿ ಕೂದಲೆಳೆಯಷ್ಟು ಅರೆದು
ಮತ್ತೆ ಕಚ್ಚಿಸುವುದೇ ತಾನೇ ನನ್ನ ಅನ್ನ.
ಬಾಗದಲ್ಲಿ ಪೆನ್ಸಿಲ್ ಗೀಚಿದೆ. ಗೀಚು ಮಾಯುವ ತನಕ ಕೆರೆದೆ.
ಮೂವತ್ತು ಸಲ ಎಳೆದೆ. ನೋಡಿದೆ. ಮತ್ತೆ ಗೀಚಿದೆ.
"ತೆಗೆದದ್ದು ಮತ್ತೆ ಅಂಟುವುದಿಲ್ಲ," ಪ್ರಾಸರ್ ಎಚ್ಚರಿಸಿದ.
ಹಲ್ಲಿಗಾದರೆ ಮೇಣವಿದೆ, ಅಂದೆ.
"ಇದಕ್ಕಿಲ್ಲ."

ಹೆದೆಗೂ ಎದೆಗೂ ನಡುವೆ
ನನ್ನ ಭಾಷೆಯಲ್ಲಿ ಒಂದು ಉಸಿರಷ್ಟೇ ಅಂತರ.
ಅದನ್ನವನಿಗೆ ವಿವರಿಸಲು ಹೋಗಿ ಸೋತೆ.
ಚಹಾ ಆರಿತು.

ಮೇ ತಿಂಗಳಿಗೆ ಬಾಗಿತು, ಪೂರಾ.
ಮರವೇ ಅದು, ಟೀಚರ್, ಎಪ್ಪತ್ತು ವರ್ಷದ್ದು.
ಗಿಡವಾಗಿದ್ದಾಗ ಯಾರು ಬಗ್ಗಿಸಿದ್ದರು ಅದನ್ನು?
ಆದರೆ ಹೆದೆ ಇಳಿಸಿದ ಮೇಲೂ
ಎರಡು ಬೆರಳಿನಷ್ಟು ಬಾಗು ಹಾಗೇ ಉಳಿಯಿತು.
"ಹಸಿ ಮರ, ಅವಸರದ ಹೆಂಗಸು," ಅಂದ ಪ್ರಾಸರ್.
ಮರುದಿನ ಬೆಂಚಿನ ಮುಂದೆ ಕೂತಾಗ
ನನ್ನ ಬಲಭುಜವೂ ನೆಟ್ಟಗಾಗಲೊಲ್ಲದು.

ಮೊದಲ ಬಾಣ ಹುಲ್ಲುಮೂಟೆಯ ನೆತ್ತಿ ದಾಟಿ
ತುರಿಕೆ ಗಿಡದ ಹಿಂಡಿಲಿಗೆ ಬಿತ್ತು.
ಮುಂಗೈಗೆ ದದ್ದು ಏಳುತ್ತಿದ್ದರೂ ಇಬ್ಬರೂ ಹುಡುಕಿದೆವು.
ನನ್ನದು ಸಿಗಲಿಲ್ಲ.
ಸಿಕ್ಕಿದ್ದು ಬೇರೊಂದು, ಯಾವ ಕಾಲದ್ದೋ:
ಗರಿ ಕೊಳೆತಿದೆ, ಗರಿಯ ಬುಡಕ್ಕೆ ಹಸಿರು ದಾರ,
ಸಣ್ಣ ಕೈಯ ಅಳತೆಗೆ ಕತ್ತರಿಸಿದ ಕಡ್ಡಿ.
ಪ್ರಾಸರ್ ಅದರ ಮಣ್ಣು ಒರೆಸಲಿಲ್ಲ.
ಹಾಗೇ ಕೋಟಿನೊಳಗೆ ಸೇರಿಸಿಕೊಂಡು
"ಕತ್ತಲಾಯಿತು, ನಡಿ," ಅಂದ.

ಇನ್ನೂ ಬೆಳಕಿತ್ತು.